ಸ್ವಂತ ಮೇಲ್ ಸರ್ವರ್ ಇಲ್ಲದ ಕಚೇರಿಯಲ್ಲಿ ಸ್ಕ್ಯಾನ್ ಯಂತ್ರದಿಂದಲೇ ಇಮೇಲ್ ಕಳುಹಿಸುವುದು: ಸಮಗ್ರ ಮಾರ್ಗದರ್ಶಿ

ತಾಲ್ಲೂಕು ಕೇಂದ್ರವೊಂದರ ವಕೀಲರ ಕಚೇರಿಯಲ್ಲಿ ನಾನು ಕಂಡ ದೃಶ್ಯವಿದು. ಗುಮಾಸ್ತರು ಇಪ್ಪತ್ತೆರಡು ಪುಟಗಳ ಹಳೆಯ ಕ್ರಯಪತ್ರವನ್ನು ಜೆರಾಕ್ಸ್ ಯಂತ್ರದಲ್ಲಿ ಸ್ಕ್ಯಾನ್ ಮಾಡಿ ಪೆನ್‌ಡ್ರೈವ್‌ಗೆ ಇಳಿಸಿಕೊಂಡರು. ಅದನ್ನು ಒಳಕೋಣೆಯ ಕಂಪ್ಯೂಟರಿಗೆ ಒಯ್ದು, ಕಡತದ ಹೆಸರು ಬದಲಿಸಿ, ಬ್ರೌಸರ್ ತೆರೆದು, ವಕೀಲರ ಸ್ವಂತ ಜಿಮೇಲ್ ಖಾತೆಯಿಂದ ಬೆಂಗಳೂರಿನ ಹಿರಿಯ ವಕೀಲರಿಗೆ ಕಳುಹಿಸಿದರು. ಅದೇ ಪೆನ್‌ಡ್ರೈವ್ ಸಂಜೆ ಪಕ್ಕದ ಜೆರಾಕ್ಸ್ ಅಂಗಡಿಗೂ ಹೋಗಿಬರುತ್ತಿತ್ತು. ಯಂತ್ರದ ಪರದೆಯ ಮೇಲೆ ‘ಸ್ಕ್ಯಾನ್ ಟು ಇಮೇಲ್’ ಎಂಬ ಗುಂಡಿ ಇದ್ದೇ ಇತ್ತು. ಅದನ್ನೇಕೆ ಬಳಸುವುದಿಲ್ಲ ಎಂದು ಕೇಳಿದಾಗ, “ಅದು ಎಸ್‌ಎಂಟಿಪಿ ಸರ್ವರ್ ಕೇಳುತ್ತದೆ ಸರ್, ನಮ್ಮಲ್ಲಿ ಸರ್ವರ್ ಎಲ್ಲಿದೆ?” ಎಂದರು.

ಈ ಪ್ರಶ್ನೆಗೆ ಉತ್ತರವಿದೆ, ಮತ್ತು ಅದಕ್ಕಾಗಿ ಕಚೇರಿಯಲ್ಲಿ ಸರ್ವರ್ ಕೊಂಡು ಕೂರಿಸಬೇಕಾಗಿಲ್ಲ. ಆದರೆ ಯಂತ್ರದಲ್ಲಿ ಏನನ್ನಾದರೂ ತುಂಬುವ ಮೊದಲು ಒಂದು ವಿಷಯವನ್ನು ತೀರ್ಮಾನಿಸಿಕೊಳ್ಳಬೇಕು: ಯಂತ್ರದ ಪತ್ರಗಳು ಯಾರ ಹೆಸರಿನಲ್ಲಿ, ಯಾರಿಗೆ ಹೋಗಬೇಕು? ನನ್ನ ಅನುಭವದಲ್ಲಿ ಈ ಕೆಲಸದ ಕಷ್ಟವಿರುವುದು ಪತ್ರವನ್ನು ಕಳುಹಿಸುವುದರಲ್ಲಲ್ಲ, ಅದನ್ನು ಪಡೆಯುವ ಸರ್ವರ್ ನಂಬುವಂತೆ ಮಾಡುವುದರಲ್ಲಿ. ಮುಂದಿನ ಪ್ರತಿಯೊಂದು ಹೆಜ್ಜೆಯೂ ಆ ನಂಬಿಕೆಗೆ ಸಂಬಂಧಿಸಿದ್ದು.

ಓದುವ ಅನುಕೂಲಕ್ಕಾಗಿ ಸರ್ವರ್ ವಿಳಾಸಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಯಂತ್ರದಲ್ಲಿ ಅವನ್ನು ಇಂಗ್ಲಿಷ್‌ನ ಸಣ್ಣಕ್ಷರಗಳಲ್ಲಿ, ‘ಡಾಟ್’ ಎಂದಿರುವಲ್ಲಿ ಚುಕ್ಕೆ ಇಟ್ಟು, ನಡುವೆ ಎಲ್ಲಿಯೂ ಜಾಗ ಬಿಡದೆ ಟೈಪಿಸಬೇಕು.

ನೇರವಾಗಿ ತಲುಪಿಸುವ ದಾರಿ ಮತ್ತು ಅದರ ಮಿತಿ

ಇಮೇಲ್ ಸಾಗಿಸುವ ಎಸ್‌ಎಂಟಿಪಿ ಎಂಬ ನಿಯಮಾವಳಿಯನ್ನು ಜಾನ್ ಪೋಸ್ಟೆಲ್ ಅವರು 1982ರಲ್ಲಿ ಬರೆದಾಗ, ಅಂತರಜಾಲದ ಯಾವ ಯಂತ್ರ ಬೇಕಾದರೂ ಇನ್ನೊಂದು ಯಂತ್ರದ 25ನೇ ಪೋರ್ಟನ್ನು, ಅಂದರೆ ಅಂಚೆಗೆ ಮೀಸಲಾದ ಸಂಖ್ಯೆಯ ಬಾಗಿಲನ್ನು, ತಟ್ಟಿ ಪತ್ರ ಕೊಡಬಹುದಿತ್ತು. ತತ್ತ್ವದಲ್ಲಿ ಇಂದಿಗೂ ಅದು ಹಾಗೆಯೇ ಇದೆ. ಪಡೆಯುವವರ ವಿಳಾಸದಲ್ಲಿ ‘ಆ್ಯಟ್’ ಚಿಹ್ನೆಯ ನಂತರ ಬರುವ ಡೊಮೈನ್ ಹೆಸರನ್ನು ಹಿಡಿದು, ಆ ಡೊಮೈನಿನ ಅಂಚೆಯನ್ನು ಯಾವ ಸರ್ವರ್ ಸ್ವೀಕರಿಸುತ್ತದೆ ಎಂದು ಡಿಎನ್‌ಎಸ್‌ನಲ್ಲಿ (ಅಂತರಜಾಲದ ಹೆಸರು-ವಿಳಾಸಗಳ ಕೈಪಿಡಿಯಲ್ಲಿ) ವಿಚಾರಿಸಿದರೆ ‘ಎಂಎಕ್ಸ್’ ದಾಖಲೆ ಸಿಗುತ್ತದೆ. ಆ ಸರ್ವರಿಗೆ ನೇರವಾಗಿ ಪತ್ರವನ್ನು ಒಪ್ಪಿಸಬಹುದು. ಕೆಲವು ಯಂತ್ರಗಳ ಮೆನುವಿನಲ್ಲಿ ‘ಡೈರೆಕ್ಟ್ ಎಸ್‌ಎಂಟಿಪಿ’ ಎಂಬ ಆಯ್ಕೆ ಕಾಣುವುದು ಇದಕ್ಕಾಗಿಯೇ. ಇದನ್ನು ಆರಿಸಿಕೊಂಡರೆ ನಡುವೆ ಯಾವ ಮೇಲ್ ಸರ್ವರ್ ಸಹ ಬೇಕಾಗುವುದಿಲ್ಲ.

ಕಚೇರಿಯ ಒಳಗೆ, ಅಥವಾ ವಿಪಿಎನ್ ಎಂಬ ಖಾಸಗಿ ಜಾಲಸಂಪರ್ಕದ ಮೂಲಕ ಜೋಡಿಸಿದ ಎರಡು ಶಾಖೆಗಳ ನಡುವೆ, ಒಂದು ಯಂತ್ರದಿಂದ ಇನ್ನೊಂದಕ್ಕೆ ಫ್ಯಾಕ್ಸ್‌ನಂತೆ ಪುಟಗಳನ್ನು ಕಳುಹಿಸಲು ಈ ವಿಧಾನ ಚೆನ್ನಾಗಿ ಒದಗುತ್ತದೆ. ಎರಡೂ ಯಂತ್ರಗಳಲ್ಲಿ ಈ ಸೌಲಭ್ಯವಿರಬೇಕು ಮತ್ತು ಎರಡರ ಐಪಿ ವಿಳಾಸವೂ (ಜಾಲದಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ) ಸ್ಥಿರವಾಗಿರಬೇಕು, ಅಷ್ಟೆ. ಆದರೆ ಸಾಮಾನ್ಯ ಬ್ರಾಡ್‌ಬ್ಯಾಂಡ್ ಸಂಪರ್ಕದಿಂದ ಹೊರಗಿನ ಜಿಮೇಲ್ ವಿಳಾಸಕ್ಕೆ ಹೀಗೆ ಕಳುಹಿಸಲು ಹೊರಟರೆ ಒಂದಾದ ಮೇಲೊಂದು ತಡೆ ಎದುರಾಗುತ್ತದೆ. ಸ್ಪ್ಯಾಮ್ ಹಾವಳಿಯ ಕಾರಣದಿಂದ ಅನೇಕ ಇಂಟರ್ನೆಟ್ ಕಂಪನಿಗಳು ಹೊರಹೋಗುವ 25ನೇ ಪೋರ್ಟನ್ನು ಮುಚ್ಚಿರುತ್ತವೆ. ಅದು ತೆರೆದಿದ್ದರೂ, ಮನೆ ಮತ್ತು ಸಣ್ಣ ಕಚೇರಿಗಳಿಗೆ ಕೊಡುವ, ಆಗಾಗ ಬದಲಾಗುವ ಐಪಿ ವಿಳಾಸಗಳನ್ನು ಸ್ಪ್ಯಾಮ್‌ಹೌಸ್‌ನಂತಹ ಸಂಸ್ಥೆಗಳು ‘ಇಲ್ಲಿಂದ ನೇರ ಅಂಚೆ ಬರಬಾರದು’ ಎಂಬ ಪಟ್ಟಿಯಲ್ಲಿ ಸೇರಿಸಿರುತ್ತವೆ. ಇದರ ಮೇಲೆ, ಕಳುಹಿಸುವ ಐಪಿಗೆ ಸರಿಯಾದ ಹಿಮ್ಮುಖ ಡಿಎನ್‌ಎಸ್ ದಾಖಲೆ (ಐಪಿಯಿಂದ ಹೆಸರನ್ನು ತಿಳಿಸುವ ದಾಖಲೆ) ಇರಬೇಕು ಮತ್ತು ಪತ್ರಕ್ಕೆ ಎಸ್‌ಪಿಎಫ್ (ಡೊಮೈನಿನ ಹೆಸರಿನಲ್ಲಿ ಕಳುಹಿಸಬಹುದಾದ ಸರ್ವರುಗಳ ಪಟ್ಟಿ) ಅಥವಾ ಡಿಕಿಮ್ (ಡೊಮೈನಿನ ಡಿಜಿಟಲ್ ಸಹಿ) ದೃಢೀಕರಣ ಇರಬೇಕು ಎಂದು ಜಿಮೇಲ್ 2024ರ ಫೆಬ್ರವರಿಯಿಂದ ಎಲ್ಲ ಕಳುಹಿಸುವವರಿಗೂ ಷರತ್ತು ಹಾಕಿದೆ. ಗೋಡೆಗೆ ಒರಗಿ ನಿಂತಿರುವ ಜೆರಾಕ್ಸ್ ಯಂತ್ರದಲ್ಲಿ ಇವೆರಡೂ ಇರುವುದಿಲ್ಲ. ಆದ್ದರಿಂದ ಹೊರಗಿನವರಿಗೆ ಕಳುಹಿಸಬೇಕಾದ ಕಚೇರಿಗೆ ನಾನು ಈ ದಾರಿಯನ್ನು ಹೇಳುವುದಿಲ್ಲ.

ಉಳಿಯುವ ದಾರಿಯೆಂದರೆ, ಈಗಾಗಲೇ ಎಲ್ಲರೂ ನಂಬುವ ಸರ್ವರಿಗೆ ಗುರುತು ತೋರಿಸಿ ಪತ್ರವನ್ನು ಒಪ್ಪಿಸುವುದು. ಸಣ್ಣ ಕಚೇರಿಗೆ ಜಿಮೇಲ್ ಖಾತೆಯೊಂದು ಸಾಕು. ಅದನ್ನೇ ವಿವರವಾಗಿ ಹೇಳುತ್ತೇನೆ.

ಮೊದಲ ಹೆಜ್ಜೆ: ಯಂತ್ರಕ್ಕೆ ಹೊರಜಗತ್ತು ಕಾಣುತ್ತಿದೆಯೇ?

ಹತ್ತರಲ್ಲಿ ಒಂಬತ್ತು ಮಂದಿ ಈ ಹೆಜ್ಜೆಯನ್ನು ಬಿಟ್ಟು ಮುಂದೆ ಹೋಗಿ, ಪಾಸ್‌ವರ್ಡ್ ತಪ್ಪಿದೆಯೆಂದು ಗಂಟೆಗಟ್ಟಲೆ ಹುಡುಕುತ್ತಾರೆ. ಯಂತ್ರವನ್ನು ಕೂರಿಸಲು ಬಂದವರು ಅದಕ್ಕೊಂದು ಸ್ಥಿರ ಐಪಿ ವಿಳಾಸವನ್ನು, ಉದಾಹರಣೆಗೆ 192.168.1.50 ಎಂದು, ಕೊಟ್ಟು, ಕಂಪ್ಯೂಟರಿನಿಂದ ಒಂದು ಪುಟ ಪ್ರಿಂಟ್ ತೆಗೆದು ತೋರಿಸಿ ಹೋಗಿರುತ್ತಾರೆ. ಪ್ರಿಂಟ್ ಬರಲು ಅಷ್ಟೇ ಸಾಕು, ಏಕೆಂದರೆ ಕಂಪ್ಯೂಟರೂ ಯಂತ್ರವೂ ಒಂದೇ ಜಾಲದಲ್ಲಿವೆ. ಆದರೆ ಇಮೇಲ್ ಹೊರಗೆ ಹೋಗಬೇಕಾದರೆ ಯಂತ್ರಕ್ಕೆ ಇನ್ನೂ ಎರಡು ಸಂಗತಿ ತಿಳಿದಿರಬೇಕು. ಹೊರಗೆ ಹೋಗುವ ಬಾಗಿಲು ಯಾವುದು ಎಂಬುದು ‘ಡಿಫಾಲ್ಟ್ ಗೇಟ್‌ವೇ’. ಹೆಸರನ್ನು ಐಪಿ ವಿಳಾಸವಾಗಿಸಿ ಕೊಡುವವರು ಯಾರು ಎಂಬುದು ‘ಡಿಎನ್‌ಎಸ್ ಸರ್ವರ್’. ಈ ಎರಡು ಜಾಗಗಳು ಖಾಲಿ ಇರುವುದನ್ನು, ಅಥವಾ ಅಲ್ಲಿ 0.0.0.0 ಎಂದಿರುವುದನ್ನು ನಾನು ಎಷ್ಟು ಕಚೇರಿಗಳಲ್ಲಿ ಕಂಡಿದ್ದೇನೆಂದರೆ, ಈಗ ಹೋದಲ್ಲೆಲ್ಲ ಮೊದಲು ನೋಡುವುದೇ ಅವನ್ನು.

ನೋಡುವ ಬಗೆ ಸುಲಭ. ಯಂತ್ರದ ಐಪಿ ವಿಳಾಸವನ್ನು ಕಚೇರಿಯ ಯಾವುದಾದರೂ ಕಂಪ್ಯೂಟರಿನ ಬ್ರೌಸರ್‌ನಲ್ಲಿ ಟೈಪಿಸಿದರೆ ಯಂತ್ರದ ಒಳಪುಟ ತೆರೆದುಕೊಳ್ಳುತ್ತದೆ. ಕ್ಯಾನನ್ ಯಂತ್ರಗಳಲ್ಲಿ ಇದರ ಹೆಸರು ರಿಮೋಟ್ ಯುಐ, ರಿಕೋದಲ್ಲಿ ವೆಬ್ ಇಮೇಜ್ ಮಾನಿಟರ್, ಕ್ಯೋಸೆರಾದಲ್ಲಿ ಕಮಾಂಡ್ ಸೆಂಟರ್ ಆರ್‌ಎಕ್ಸ್, ಎಚ್‌ಪಿಯಲ್ಲಿ ಎಂಬೆಡೆಡ್ ವೆಬ್ ಸರ್ವರ್. ಅಡ್ಮಿನ್ ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ, ನೆಟ್‌ವರ್ಕ್ ಭಾಗದಲ್ಲಿ ಟಿಸಿಪಿ/ಐಪಿ ವಿವರ ತೆರೆಯಿರಿ. ಗೇಟ್‌ವೇ ಜಾಗದಲ್ಲಿ ನಿಮ್ಮ ರೂಟರಿನ ವಿಳಾಸವನ್ನು ತುಂಬಬೇಕು. ಸಾಮಾನ್ಯವಾಗಿ ಅದು 192.168.1.1 ಅಥವಾ 192.168.0.1 ಆಗಿರುತ್ತದೆ. ಡಿಎನ್‌ಎಸ್ ಜಾಗದಲ್ಲಿಯೂ ರೂಟರಿನ ವಿಳಾಸವನ್ನೇ ಕೊಡಬಹುದು, ಇಲ್ಲವೆ ಗೂಗಲ್‌ನ 8.8.8.8 ಅಥವಾ ಕ್ಲೌಡ್‌ಫ್ಲೇರ್‌ನ 1.1.1.1 ಎಂದು ತುಂಬಬಹುದು.

ಅದೇ ಪುಟದಲ್ಲಿ ದಿನಾಂಕ ಮತ್ತು ಸಮಯವನ್ನೂ ನೋಡಿಕೊಳ್ಳಿ. ಒಂದು ಸಹಕಾರ ಸಂಘದ ಕಚೇರಿಯಲ್ಲಿ ಚೆನ್ನಾಗಿ ನಡೆಯುತ್ತಿದ್ದ ಇಮೇಲ್, ರಾತ್ರಿಯಿಡೀ ಕರೆಂಟ್ ಹೋಗಿದ್ದ ಮರುದಿನದಿಂದ ನಿಂತುಹೋಗಿತ್ತು. ಪಾಸ್‌ವರ್ಡ್ ಸರಿಯಿತ್ತು, ಇಂಟರ್ನೆಟ್ ಸರಿಯಿತ್ತು. ಯಂತ್ರದ ಒಳಗಿನ ಬ್ಯಾಟರಿ ಸತ್ತು ಅದರ ಗಡಿಯಾರ ಹಲವು ವರ್ಷ ಹಿಂದಕ್ಕೆ ಹೋಗಿತ್ತು. ಸುರಕ್ಷಿತ ಸಂಪರ್ಕಕ್ಕಾಗಿ ಸರ್ವರ್ ತೋರಿಸುವ ಪ್ರಮಾಣಪತ್ರಕ್ಕೆ ಆರಂಭದ ಮತ್ತು ಮುಕ್ತಾಯದ ದಿನಾಂಕಗಳಿರುತ್ತವೆ. ಹಿಂದಿನ ಕಾಲದಲ್ಲಿ ನಿಂತ ಯಂತ್ರಕ್ಕೆ ಅದು ಇನ್ನೂ ಚಾಲ್ತಿಗೆ ಬಾರದ ಪ್ರಮಾಣಪತ್ರವಾಗಿ ಕಾಣುವುದರಿಂದ ಯಂತ್ರ ಸಂಪರ್ಕವನ್ನೇ ಕಡಿದುಕೊಳ್ಳುತ್ತದೆ. ಸಮಯ ವಲಯವನ್ನು +5:30 ಎಂದು ಇಟ್ಟು, ‘ಎಸ್‌ಎನ್‌ಟಿಪಿ’ ಎಂಬ ಆಯ್ಕೆ ಇದ್ದರೆ ಅದನ್ನು ಚಾಲೂ ಮಾಡಿಬಿಟ್ಟರೆ ಯಂತ್ರ ತಾನೇ ಸಮಯವನ್ನು ಸರಿಪಡಿಸಿಕೊಳ್ಳುತ್ತದೆ.

ಎರಡನೆಯ ಹೆಜ್ಜೆ: ಯಂತ್ರಕ್ಕೆಂದೇ ಒಂದು ಖಾತೆ

ಯಜಮಾನರ ಸ್ವಂತ ಜಿಮೇಲ್ ಖಾತೆಯನ್ನು ಯಂತ್ರಕ್ಕೆ ಕೊಡಬಾರದು. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಆ ಖಾತೆಯಲ್ಲಿ ಬ್ಯಾಂಕಿನ ಪತ್ರಗಳೂ ಮನೆಯವರ ಫೋಟೋಗಳೂ ಇರುತ್ತವೆ, ಮತ್ತು ಯಂತ್ರವನ್ನು ರಿಪೇರಿಗೆ ಬಂದವರೆಲ್ಲ ತೆರೆಯುತ್ತಾರೆ. ಕಚೇರಿಯ ಹೆಸರು ಗೊತ್ತಾಗುವಂತೆ, ಸ್ಕ್ಯಾನ್ ಎಂಬ ಪದವೂ ಸೇರುವಂತೆ ಹೊಸ ಖಾತೆಯೊಂದನ್ನು ತೆರೆಯಿರಿ. ಖಾತೆಗೆ ಜೋಡಿಸುವ ಮೊಬೈಲ್ ಸಂಖ್ಯೆ ಕಚೇರಿಯ ಹೊಣೆ ಹೊತ್ತವರದ್ದಾಗಿರಲಿ. ಇಂದು ಇದ್ದು ನಾಳೆ ಬೇರೆ ಕೆಲಸಕ್ಕೆ ಹೋಗುವ ಸಹಾಯಕರ ಸಂಖ್ಯೆಯನ್ನು ಕೊಟ್ಟರೆ ಮುಂದೆ ಒಟಿಪಿಗಾಗಿ ಅವರನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ.

ಮೊದಲೆಲ್ಲ ಖಾತೆಯ ಮಾಮೂಲಿ ಪಾಸ್‌ವರ್ಡನ್ನೇ ಯಂತ್ರದಲ್ಲಿ ತುಂಬಿದರೆ ನಡೆಯುತ್ತಿತ್ತು. ವೈಯಕ್ತಿಕ ಜಿಮೇಲ್ ಖಾತೆಗಳಿಗೆ ಗೂಗಲ್ ಅದನ್ನು 2022ರ ಮೇ 30ರಂದು ನಿಲ್ಲಿಸಿತು. ಈಗ ಬೇಕಾಗಿರುವುದು ‘ಆ್ಯಪ್ ಪಾಸ್‌ವರ್ಡ್’. ಹೊಸ ಖಾತೆಯಲ್ಲಿ ಲಾಗಿನ್ ಆಗಿ, ಸೆಕ್ಯುರಿಟಿ ಭಾಗದಲ್ಲಿ ‘2-ಸ್ಟೆಪ್ ವೆರಿಫಿಕೇಶನ್’ ಅನ್ನು ಚಾಲೂ ಮಾಡಿ. ಅದು ಚಾಲೂ ಆಗದೆ ಆ್ಯಪ್ ಪಾಸ್‌ವರ್ಡ್ ಸಿಗುವುದಿಲ್ಲ. ನಂತರ ಖಾತೆಯ ಪುಟದ ಹುಡುಕು ಪೆಟ್ಟಿಗೆಯಲ್ಲಿ ‘ಆ್ಯಪ್ ಪಾಸ್‌ವರ್ಡ್ಸ್’ ಎಂದು ಹುಡುಕಿ, ತೆರೆದ ಪುಟದಲ್ಲಿ ಯಂತ್ರದ ಹೆಸರನ್ನು ಬರೆದು ‘ಕ್ರಿಯೇಟ್’ ಒತ್ತಿ. ನಾಲ್ಕು ನಾಲ್ಕು ಅಕ್ಷರಗಳ ಗುಂಪುಗಳಾಗಿ 16 ಅಕ್ಷರಗಳ ಪಾಸ್‌ವರ್ಡ್ ಒಮ್ಮೆ ಮಾತ್ರ ಕಾಣಿಸುತ್ತದೆ. ನಡುವಿನ ಜಾಗಗಳನ್ನು ಬಿಟ್ಟು, 16 ಅಕ್ಷರಗಳನ್ನು ಒಂದೇ ಸಾಲಾಗಿ ಯಂತ್ರದಲ್ಲಿ ತುಂಬಬೇಕು.

ಖಾತೆಯ ಮುಖ್ಯ ಪಾಸ್‌ವರ್ಡನ್ನು ಯಾರಾದರೂ ಬದಲಿಸಿದರೆ ಎಲ್ಲ ಆ್ಯಪ್ ಪಾಸ್‌ವರ್ಡ್‌ಗಳೂ ತಾವಾಗಿಯೇ ರದ್ದಾಗುತ್ತವೆ ಎಂಬುದನ್ನು ನೆನಪಿಡಬೇಕು. ಯಂತ್ರವನ್ನು ಯಾರೂ ಮುಟ್ಟದಿದ್ದರೂ ಇಮೇಲ್ ಇದ್ದಕ್ಕಿದ್ದಂತೆ ನಿಂತರೆ, ಮೊದಲು ಕೇಳಬೇಕಾದ ಪ್ರಶ್ನೆ ಇದೇ.

ಮೂರನೆಯ ಹೆಜ್ಜೆ: ಯಂತ್ರದಲ್ಲಿ ವಿವರ ತುಂಬುವುದು

ಯಂತ್ರದ ಒಳಪುಟದಲ್ಲಿ ‘ಇಮೇಲ್’, ‘ಎಸ್‌ಎಂಟಿಪಿ’ ಅಥವಾ ‘ಸೆಂಡ್ ಸೆಟ್ಟಿಂಗ್ಸ್’ ಎಂಬ ಭಾಗಕ್ಕೆ ಹೋಗಿ. ಎಸ್‌ಎಂಟಿಪಿ ಸರ್ವರ್ ಎಂದಿರುವಲ್ಲಿ ‘ಎಸ್‌ಎಂಟಿಪಿ ಡಾಟ್ ಜಿಮೇಲ್ ಡಾಟ್ ಕಾಮ್’ ಎಂದು ಬರೆಯಿರಿ. ಪೋರ್ಟ್ 587 ಇರಲಿ, ಎನ್‌ಕ್ರಿಪ್ಷನ್ ‘ಸ್ಟಾರ್ಟ್‌ಟಿಎಲ್‌ಎಸ್’ ಇರಲಿ. ಯಂತ್ರದಲ್ಲಿ ಸ್ಟಾರ್ಟ್‌ಟಿಎಲ್‌ಎಸ್ ಎಂಬ ಆಯ್ಕೆಯಿಲ್ಲದೆ ಬರಿಯ ‘ಎಸ್‌ಎಸ್‌ಎಲ್’ ಎಂದಷ್ಟೇ ಇದ್ದರೆ ಅದನ್ನು ಆರಿಸಿ ಪೋರ್ಟನ್ನು 465 ಮಾಡಿ. ಇವೆರಡರ ವ್ಯತ್ಯಾಸವನ್ನು ಅರಿತಿರುವುದು ಒಳ್ಳೆಯದು: 587ರಲ್ಲಿ ಮಾತು ಬಯಲಿನಲ್ಲಿ ಆರಂಭವಾಗಿ, ಪಾಸ್‌ವರ್ಡ್ ಹೇಳುವ ಮೊದಲು ಬಾಗಿಲು ಹಾಕಿಕೊಳ್ಳಲಾಗುತ್ತದೆ; 465ರಲ್ಲಿ ಮೊದಲ ಕ್ಷಣದಿಂದಲೇ ಬಾಗಿಲು ಮುಚ್ಚಿರುತ್ತದೆ. 465ಕ್ಕೆ ಸ್ಟಾರ್ಟ್‌ಟಿಎಲ್‌ಎಸ್ ಅನ್ನು ಜೋಡಿಸಿದರೆ ಎರಡೂ ಕಡೆ ಇನ್ನೊಬ್ಬರ ಮಾತಿಗೆ ಕಾಯುತ್ತ ಸಮಯ ಮೀರಿಹೋಗುತ್ತದೆ; 587ಕ್ಕೆ ಎಸ್‌ಎಸ್‌ಎಲ್ ಅನ್ನು ಜೋಡಿಸಿದರೆ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದೆ ಸಂಪರ್ಕ ಮುರಿಯುತ್ತದೆ.

‘ಎಸ್‌ಎಂಟಿಪಿ ಆಥೆಂಟಿಕೇಶನ್’ ಅನ್ನು ಚಾಲೂ ಮಾಡಿ, ಬಳಕೆದಾರರ ಹೆಸರಿನಲ್ಲಿ ಪೂರ್ತಿ ಜಿಮೇಲ್ ವಿಳಾಸವನ್ನೂ ಪಾಸ್‌ವರ್ಡ್ ಜಾಗದಲ್ಲಿ ಆ 16 ಅಕ್ಷರಗಳನ್ನೂ ತುಂಬಿ. ‘ಪಾಪ್ ಬಿಫೋರ್ ಎಸ್‌ಎಂಟಿಪಿ’ ಎಂಬುದು ಕಂಡರೆ ಅದನ್ನು ಆರಿಸಬೇಡಿ. ಅದು ಹಳೆಯ ಕಾಲದ ವ್ಯವಸ್ಥೆ. ಕಳುಹಿಸುವವರ ವಿಳಾಸವಾಗಿಯೂ ಅದೇ ಜಿಮೇಲ್ ವಿಳಾಸವನ್ನು ಕೊಡಿ. ಅಲ್ಲಿ ಬೇರೆ ವಿಳಾಸವನ್ನು ಬರೆದರೂ, ಅದು ಆ ಖಾತೆಗೆ ಮೊದಲೇ ಸೇರಿಸಿದ ವಿಳಾಸವಲ್ಲದಿದ್ದರೆ ಜಿಮೇಲ್ ಅದನ್ನು ತೆಗೆದು ಖಾತೆಯ ವಿಳಾಸವನ್ನೇ ಹಾಕುತ್ತದೆ. ಯಂತ್ರದಲ್ಲಿ ‘ರಿಪ್ಲೈ-ಟು’ ಎಂಬ ಜಾಗವಿದ್ದರೆ ಅಲ್ಲಿ ಕಚೇರಿಯವರು ದಿನವೂ ನೋಡುವ ವಿಳಾಸವನ್ನು ಕೊಡಿ, ಇಲ್ಲವಾದರೆ ಕಕ್ಷಿದಾರರ ಉತ್ತರಗಳು ಯಾರೂ ತೆರೆಯದ ಸ್ಕ್ಯಾನ್ ಖಾತೆಯಲ್ಲಿ ಕೂತುಬಿಡುತ್ತವೆ.

ಮೊದಲ ಪರೀಕ್ಷೆಗೆ ಒಂದೇ ಪುಟವನ್ನು ಕಪ್ಪು-ಬಿಳುಪಿನಲ್ಲಿ ಸ್ಕ್ಯಾನ್ ಮಾಡಿ ನಿಮ್ಮದೇ ವಿಳಾಸಕ್ಕೆ ಕಳುಹಿಸಿ. ತಲುಪಿದ ಮೇಲೆ ಜಿಮೇಲ್ ಅಲ್ಲದ ಇನ್ನೊಂದು ವಿಳಾಸಕ್ಕೂ ಕಳುಹಿಸಿ ನೋಡಿ. ಹೀಗೆ ಹೋದ ಪ್ರತಿಯೊಂದು ಪತ್ರದ ಪ್ರತಿಯೂ ಆ ಖಾತೆಯ ‘ಸೆಂಟ್’ ವಿಭಾಗದಲ್ಲಿ ಉಳಿಯುತ್ತದೆ. ಯಾವ ದಿನ ಯಾರಿಗೆ ಏನು ಹೋಯಿತು ಎಂಬುದಕ್ಕೆ ಅದೊಂದು ರಿಜಿಸ್ಟರ್ ಆಗುತ್ತದೆ. ವಕೀಲರಿಗೂ ಲೆಕ್ಕಪರಿಶೋಧಕರಿಗೂ ಇದು ಪೆನ್‌ಡ್ರೈವ್ ಕೊಡಲಾಗದ ಅನುಕೂಲ.

ಕಚೇರಿಗೆ ಸ್ವಂತ ಡೊಮೈನ್ ಇದ್ದರೆ

ಗೂಗಲ್ ವರ್ಕ್‌ಸ್ಪೇಸ್ ಬಳಸುವ ಕಚೇರಿಗಳಿಗೆ ‘ಎಸ್‌ಎಂಟಿಪಿ ರಿಲೇ’ ಎಂಬ ಸೇವೆ ಇದೆ. ಅಡ್ಮಿನ್ ಕನ್ಸೋಲ್‌ನಲ್ಲಿ ಜಿಮೇಲ್‌ನ ‘ರೂಟಿಂಗ್’ ಭಾಗಕ್ಕೆ ಹೋಗಿ ಅದನ್ನು ಚಾಲೂ ಮಾಡಿ, ಕಚೇರಿಯ ಸ್ಥಿರ ಐಪಿ ವಿಳಾಸವನ್ನು ಅನುಮತಿಯ ಪಟ್ಟಿಗೆ ಸೇರಿಸಬೇಕು; ಯಂತ್ರದಲ್ಲಿ ಸರ್ವರ್ ಹೆಸರನ್ನು ‘ಎಸ್‌ಎಂಟಿಪಿ ಹೈಫನ್ ರಿಲೇ ಡಾಟ್ ಜಿಮೇಲ್ ಡಾಟ್ ಕಾಮ್’ ಎಂದು ಕೊಡಬೇಕು. ಐಪಿಯನ್ನೇ ಗುರುತಾಗಿ ಒಪ್ಪುವಂತೆ ಇಟ್ಟರೆ ಯಂತ್ರದಲ್ಲಿ ಪಾಸ್‌ವರ್ಡ್ ಇಡುವ ಅಗತ್ಯವೇ ಬರುವುದಿಲ್ಲ, ಮತ್ತು ಸಿಬ್ಬಂದಿಯ ಬೇರೆ ಬೇರೆ ವಿಳಾಸಗಳಿಂದಲೂ ಕಳುಹಿಸಬಹುದು.

ಮೈಕ್ರೋಸಾಫ್ಟ್ 365 ಬಳಸುವವರಿಗೆ ‘ಡೈರೆಕ್ಟ್ ಸೆಂಡ್’ ಎಂಬ ವಿಧಾನವಿದೆ. ಮೇಲೆ ವಿವರಿಸಿದ ನೇರ ದಾರಿಯ ಉಪಯುಕ್ತ ರೂಪವಿದು: ನಿಮ್ಮ ಡೊಮೈನಿನ ಎಂಎಕ್ಸ್ ವಿಳಾಸವನ್ನೇ ಸರ್ವರ್ ಎಂದು ತುಂಬಿ, ಪೋರ್ಟ್ 25 ಇಟ್ಟು, ಪಾಸ್‌ವರ್ಡ್ ಇಲ್ಲದೆ ಕಳುಹಿಸುತ್ತೀರಿ. ಪತ್ರಗಳು ನಿಮ್ಮದೇ ಸಂಸ್ಥೆಯ ಅಂಚೆಪೆಟ್ಟಿಗೆಗಳಿಗೆ ಮಾತ್ರ ಹೋಗುತ್ತವೆ, ಹೊರಗಿನವರಿಗೆ ಹೋಗುವುದಿಲ್ಲ. ಇದೇ ಸಡಿಲವನ್ನು ಹಿಡಿದು ಮೋಸಗಾರರು ಸಂಸ್ಥೆಯ ಒಳಗಿನವರಂತೆ ನಟಿಸುವ ಪತ್ರಗಳನ್ನು ಕಳುಹಿಸತೊಡಗಿದ್ದರಿಂದ, ಡೈರೆಕ್ಟ್ ಸೆಂಡ್ ಅನ್ನು ಪೂರ್ತಿ ತಿರಸ್ಕರಿಸುವ ಆಯ್ಕೆಯನ್ನು ಮೈಕ್ರೋಸಾಫ್ಟ್ 2025ರಲ್ಲಿ ಕೊಟ್ಟಿತು. ನಿಮ್ಮ ಅಡ್ಮಿನ್ ಅದನ್ನು ಚಾಲೂ ಮಾಡಿದ್ದರೆ ಯಂತ್ರದ ಪತ್ರವೂ ಹಿಂದಿರುಗುತ್ತದೆ. ಹೊರಗೂ ಕಳುಹಿಸಬೇಕಾದರೆ ಸ್ಥಿರ ಐಪಿಯನ್ನು ಗುರುತಿಸುವ ‘ಕನೆಕ್ಟರ್’ ಒಂದನ್ನು ಮಾಡಿಸಿಕೊಳ್ಳುವುದು ಮೇಲು. ಪಾಸ್‌ವರ್ಡ್ ಮಾತ್ರದ ಲಾಗಿನ್ ಅನ್ನು ಮೈಕ್ರೋಸಾಫ್ಟ್ ಹಂತಹಂತವಾಗಿ ಕೈಬಿಡುತ್ತಿರುವುದರಿಂದ, ಹೊಸ ಯಂತ್ರ ಕೊಳ್ಳುವವರು ಅದರಲ್ಲಿ ‘ಒಆತ್ 2.0’ (ಪಾಸ್‌ವರ್ಡ್ ಬದಲು ಅನುಮತಿಯ ಟೋಕನ್ ಬಳಸುವ ಲಾಗಿನ್) ಸೌಲಭ್ಯವಿದೆಯೇ ಎಂದು ಕೇಳಿಯೇ ಕೊಳ್ಳಬೇಕು.

ಸ್ಥಿರ ಐಪಿಯಿಂದ ಸ್ವಂತ ಡೊಮೈನಿನ ಹೆಸರಿನಲ್ಲಿ ಕಳುಹಿಸುವ ಮೈಕ್ರೋಸಾಫ್ಟ್‌ನ ಈ ವಿಧಾನಗಳಲ್ಲಿ ಡೊಮೈನಿನ ಎಸ್‌ಪಿಎಫ್ ದಾಖಲೆಗೆ ಆ ಐಪಿಯನ್ನು ಸೇರಿಸಿರಬೇಕು. ಈಗಾಗಲೇ ಇರುವ ದಾಖಲೆಯ ಒಳಗೇ ಅದನ್ನು ಸೇರಿಸಬೇಕು. ಎರಡನೆಯ ಎಸ್‌ಪಿಎಫ್ ದಾಖಲೆಯನ್ನು ಬೇರೆಯಾಗಿ ಬರೆದರೆ ನಿಯಮದ ಪ್ರಕಾರ ಎರಡೂ ನಿಷ್ಪ್ರಯೋಜಕವಾಗಿ, ಅದುವರೆಗೆ ಸರಿಯಾಗಿ ಹೋಗುತ್ತಿದ್ದ ಕಚೇರಿಯ ಪತ್ರಗಳೂ ಸ್ಪ್ಯಾಮ್‌ಗೆ ಬೀಳತೊಡಗುತ್ತವೆ.

ಕಡತದ ಗಾತ್ರ

ಎಲ್ಲವೂ ಸರಿಯಾದ ಮೇಲೆ ಬರುವ ದೂರು ಗಾತ್ರದ್ದು. ಎ4 ಕಾಗದವನ್ನು 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಸ್ಕ್ಯಾನ್ ಮಾಡಿದರೆ 2480 × 3508 ಚುಕ್ಕೆಗಳಾಗುತ್ತವೆ, ಅಂದರೆ ಸುಮಾರು 87 ಲಕ್ಷ. ಪೂರ್ಣ ಬಣ್ಣದಲ್ಲಿ, ಕುಗ್ಗಿಸುವ ಮೊದಲು, ಒಂದು ಪುಟವೇ ಸುಮಾರು 26 ಎಂಬಿ. ಬರಿಯ ಕಪ್ಪು-ಬಿಳುಪಿನಲ್ಲಿ ಸುಮಾರು 1.1 ಎಂಬಿ. ಯಂತ್ರ ಎರಡನ್ನೂ ಬಹಳಷ್ಟು ಕುಗ್ಗಿಸಿಯೇ ಕಳುಹಿಸುತ್ತದೆ, ಆದರೂ ಅವುಗಳ ನಡುವಿನ ಅಂತರ ದೊಡ್ಡದಾಗಿಯೇ ಉಳಿಯುತ್ತದೆ. ಜಿಮೇಲ್‌ನ ಮಿತಿ 25 ಎಂಬಿ. ಇಮೇಲ್‌ನಲ್ಲಿ ಲಗತ್ತು ಅಕ್ಷರರೂಪಕ್ಕೆ ತಿರುಗಿ ಸಾಗುವುದರಿಂದ ಪ್ರತಿ ಮೂರು ಬೈಟ್ ನಾಲ್ಕಾಗುತ್ತದೆ. ಆದ್ದರಿಂದ ನಿಜವಾಗಿ ಕಳುಹಿಸಬಹುದಾದ ಕಡತ ಸುಮಾರು 18 ಎಂಬಿ ಮಾತ್ರ.

ಹಾಗೆಂದು ಎಲ್ಲವನ್ನೂ 150 ಡಿಪಿಐಗೆ ಇಳಿಸುವುದು ಕನ್ನಡದ ಕಾಗದಗಳಿಗೆ ಸಲ್ಲದು. ಪಹಣಿಯ ಸಣ್ಣ ಅಕ್ಷರಗಳಲ್ಲಿ ಒತ್ತಕ್ಷರಗಳು ಒಂದಕ್ಕೊಂದು ಅಂಟಿಕೊಂಡು, ‘ತ್ತ’ ಯಾವುದು ‘ತ್ಯ’ ಯಾವುದು ಎಂದು ತಿಳಿಯದಂತಾಗುತ್ತದೆ. ಹೆಸರಿನಲ್ಲಿ ಅಂಥ ಒಂದು ಗೊಂದಲ ಸಾಕು, ಕಾಗದ ಹಿಂದಿರುಗಿ ಬರಲು. ಟೈಪಾದ ಪುಟಗಳಿಗೆ ಕಪ್ಪು-ಬಿಳುಪಿನಲ್ಲಿ 300 ಡಿಪಿಐ ಇಡಿ. ನೋಟರಿಯವರ ತಿಳಿನೀಲಿ ಸೀಲ್, ಮಾಸಿದ ಶಾಯಿಯ ಸಹಿ, ಛಾಪಾ ಕಾಗದದ ಮೊದಲ ಪುಟ ಇವು ಕಪ್ಪು-ಬಿಳುಪಿನಲ್ಲಿ ಮಾಯವಾಗುವುದರಿಂದ ಆ ಪುಟಗಳನ್ನು ಮಾತ್ರ ಬಣ್ಣದಲ್ಲಿ, 200 ಡಿಪಿಐನಲ್ಲಿ ಬೇರೆಯಾಗಿ ಕಳುಹಿಸಿ.

ಪತ್ರ ಹೋಗದಿದ್ದಾಗ

ಯಂತ್ರದ ಪರದೆ ‘ಎರರ್’ ಎಂದಷ್ಟೇ ಹೇಳಿ ಸುಮ್ಮನಾದರೂ ಒಳಪುಟದ ‘ಜಾಬ್ ಲಾಗ್’ನಲ್ಲಿ ಹಲವು ಯಂತ್ರಗಳು ಸರ್ವರಿನ ಉತ್ತರವನ್ನು ಬರೆದಿಟ್ಟಿರುತ್ತವೆ. 535 ಎಂದಿದ್ದರೆ ಹೆಸರು ಅಥವಾ ಪಾಸ್‌ವರ್ಡ್ ಒಪ್ಪಿಗೆಯಾಗಿಲ್ಲ. 534 ಎಂದಿದ್ದರೆ ಆ್ಯಪ್ ಪಾಸ್‌ವರ್ಡ್ ಬದಲು ಮಾಮೂಲಿ ಪಾಸ್‌ವರ್ಡ್ ತುಂಬಿರುವ ಸಾಧ್ಯತೆ ಹೆಚ್ಚು. 552 ಗಾತ್ರದ ದೂರು. 550 ಎಂದಿದ್ದರೆ ಪಡೆಯುವವರ ವಿಳಾಸ ತಪ್ಪಿರಬಹುದು ಅಥವಾ ದೃಢೀಕರಣವಿಲ್ಲವೆಂದು ತಿರಸ್ಕರಿಸಿರಬಹುದು. ಸಂಖ್ಯೆಯ ಮುಂದಿನ ವಾಕ್ಯವನ್ನು ಪೂರ್ತಿ ಓದಬೇಕು. ಯಾವ ಸಂಖ್ಯೆಯೂ ಇಲ್ಲದೆ ಸಂಪರ್ಕವೇ ಸಿಗಲಿಲ್ಲ ಎಂದಿದ್ದರೆ ಮೊದಲ ಹೆಜ್ಜೆಗೆ ಹಿಂದಿರುಗಿ. ಆಗ ಕಂಪ್ಯೂಟರಿನ ಪವರ್‌ಶೆಲ್‌ನಲ್ಲಿ ‘ಟೆಸ್ಟ್-ನೆಟ್‌ಕನೆಕ್ಷನ್’ ಆಜ್ಞೆಯಿಂದ ಜಿಮೇಲ್ ಸರ್ವರಿನ 587ನೇ ಪೋರ್ಟನ್ನು ಪರೀಕ್ಷಿಸಿ. ಕೊನೆಯ ಸಾಲಿನಲ್ಲಿ ‘ಟ್ರೂ’ ಎಂದು ಬಂದರೆ ಇಂಟರ್ನೆಟ್ ಕಡೆಯಿಂದ ತಡೆಯಿಲ್ಲ, ದೋಷ ಯಂತ್ರದ ಸೆಟ್ಟಿಂಗ್‌ನಲ್ಲಿದೆ. ಇಷ್ಟಾದರೂ ಬಗೆಹರಿಯದಿದ್ದರೆ ಯಂತ್ರವು ಟಿಎಲ್‌ಎಸ್ 1.2 ಎಂಬ ಎನ್‌ಕ್ರಿಪ್ಷನ್ ಆವೃತ್ತಿಯನ್ನು ಅರಿಯದಷ್ಟು ಹಳೆಯದಾಗಿರಬಹುದು. ಫರ್ಮ್‌ವೇರ್ (ಯಂತ್ರದ ಒಳತಂತ್ರಾಂಶ) ಅಪ್‌ಡೇಟ್ ಮಾಡಿಸಿ ನೋಡಿ. ಎನ್‌ಕ್ರಿಪ್ಷನ್ ತೆಗೆದುಹಾಕಿ ಪ್ರಯತ್ನಿಸಬೇಡಿ, ಜಿಮೇಲ್ ಅದನ್ನು ಹೇಗೂ ಒಪ್ಪುವುದಿಲ್ಲ.

ಕಾಪಾಡಿಕೊಳ್ಳಬೇಕಾದದ್ದು

ಕಾರ್ಖಾನೆಯಿಂದ ಬಂದ ಅಡ್ಮಿನ್ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ. ವಿಳಾಸಪುಸ್ತಕದಲ್ಲಿ ದಿನನಿತ್ಯದ ವಿಳಾಸಗಳನ್ನು ಮೊದಲೇ ತುಂಬಿಡಿ. ಯಂತ್ರದ ಪುಟ್ಟ ಪರದೆಯಲ್ಲಿ ಪ್ರತಿ ಸಲ ಟೈಪಿಸುವಾಗ ಒಂದು ಅಕ್ಷರ ತಪ್ಪಿದರೂ ಒಬ್ಬರ ಆಸ್ತಿಯ ಕಾಗದ ಅಪರಿಚಿತರ ಕೈಗೆ ಹೋಗುತ್ತದೆ.

ಬಾಡಿಗೆ ಯಂತ್ರಗಳ ವಿಷಯದಲ್ಲಿ ಇನ್ನೂ ಒಂದು ಕೆಲಸವಿದೆ. ಕರಾರು ಮುಗಿದು ಯಂತ್ರವನ್ನು ಹಿಂದಿರುಗಿಸುವಾಗ ಅದರೊಳಗೆ ನಿಮ್ಮ ವಿಳಾಸಪುಸ್ತಕವೂ ಪಾಸ್‌ವರ್ಡೂ ಇರುತ್ತವೆ, ಹಾರ್ಡ್ ಡಿಸ್ಕ್ ಇರುವ ಯಂತ್ರದಲ್ಲಿ ಸ್ಕ್ಯಾನ್ ಆದ ಪುಟಗಳೂ ಉಳಿದಿರಬಹುದು. ಮೆನುವಿನಲ್ಲಿ ಎಲ್ಲ ದತ್ತಾಂಶವನ್ನು ಅಳಿಸುವ ಆಯ್ಕೆಯನ್ನು ಬಳಸಿ, ಅದು ಮುಗಿಯುವವರೆಗೆ ಯಂತ್ರದ ಪಕ್ಕದಲ್ಲೇ ಇರಿ. ಆ ಮೇಲೆ ಗೂಗಲ್ ಖಾತೆಯ ಆ್ಯಪ್ ಪಾಸ್‌ವರ್ಡ್ ಪುಟವನ್ನು ತೆರೆದು, ಆ ಯಂತ್ರದ ಹೆಸರಿನ ಮುಂದಿರುವ ಕಸದ ಬುಟ್ಟಿಯ ಚಿಹ್ನೆಯನ್ನು ಒತ್ತಿ, ನಂತರವಷ್ಟೇ ಯಂತ್ರವನ್ನು ಗಾಡಿಗೆ ಏರಿಸಲು ಬಿಡಿ.